ಮೋಲಾರತೆಯ ಲೆಕ್ಕ: ಉಲ್ಹಾಸ್ ತೀರದ ಪ್ರಯೋಗಶಾಲೆಗಳಲ್ಲಿ ತೂಕ ಮತ್ತು ಎಣಿಕೆ

ಸಹ್ಯಾದ್ರಿಯಲ್ಲಿ ಹುಟ್ಟಿ, ಕರ್ಜತ್, ಬದ್ಲಾಪುರಗಳನ್ನು ಹಾಯ್ದು, ಕಲ್ಯಾಣದ ಬಳಿ ಕಡಲಿನ ಉಬ್ಬರವಿಳಿತಗಳ ಸೀಮೆಯನ್ನು ಮುಟ್ಟುವ ಉಲ್ಹಾಸ್ ನದಿಯು ಎರಡು ಬಗೆಯ ಹೊರೆಯನ್ನು ಹೊತ್ತಿದೆ. ಕಲ್ಯಾಣ್, ಡೊಂಬಿವಲಿ, ಉಲ್ಹಾಸನಗರಗಳ ಜನರು ಕುಡಿಯುವ ನೀರಿಗೆ ಈ ನದಿಯನ್ನು ಆಶ್ರಯಿಸಿದ್ದಾರೆ; ಅದೇ ಸೀಮೆಯ ಕಾರ್ಖಾನೆಗಳು ಬಳಸಿ ಬಿಟ್ಟ ನೀರು ಕೊನೆಗೆ ಹೋಗಿ ಸೇರುವುದೂ ಇದರ ಕೆಳಪಾತ್ರವನ್ನೇ, ಅರ್ಥಾತ್ ಇಲ್ಲಿಯವರು ಖಾಡಿಯೆಂದು ಕರೆಯುವ ಅಳಿವೆಯನ್ನೇ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪನೆಯಾದ ಬಳಿಕ ಥಾಣೆಯ ವಾಗಳೆ ಎಸ್ಟೇಟಿನಲ್ಲಿಯೂ, ಇಂದು ನವಿಮುಂಬಯಿಗೆ ಸೇರಿರುವ ಥಾಣೆ-ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿಯೂ, ಡೊಂಬಿವಲಿಯಲ್ಲಿಯೂ ಉದ್ಯಮಗಳು ದಟ್ಟವಾಗಿ ಬೆಳೆದವು. ಬಟ್ಟೆಗೆ ಬಣ್ಣ ಕಟ್ಟುವ ಘಟಕಗಳು, ಔಷಧ ಮತ್ತು ರಾಸಾಯನಿಕ ತಯಾರಿಕೆಯ ಘಟಕಗಳು ಇವುಗಳಲ್ಲಿ ಮುಖ್ಯವಾದವು. ಕನ್ನಡ ನಾಡಿನಿಂದ ಬಂದ ಅನೇಕ ವಿಜ್ಞಾನ ಪದವೀಧರರು ಈ ಸೀಮೆಯಲ್ಲಿ ನೆಲೆಸಿರುವುದು ಸರ್ವವಿದಿತ.

ಇಂಥ ಸೀಮೆಯಲ್ಲಿ ನೀರಿನ ಯೋಗ್ಯತೆಯನ್ನು ಕಣ್ಣಿನಿಂದ ನಿರ್ಣಯಿಸುವುದು ಸಾಲದು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಔದ್ಯೋಗಿಕ ವಲಯದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ನಾಡೆಲ್ಲ ಅದನ್ನು ನೋಡಿತು. ಆದರೆ ಬಣ್ಣವಿಲ್ಲದ ನೀರೆಲ್ಲ ಶುದ್ಧವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದುದರಿಂದ ಶಾಸನವು ಬಣ್ಣವನ್ನು ನೆಚ್ಚದೆ ಸಂಖ್ಯೆಯನ್ನು ನೆಚ್ಚಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಮೇರೆಗೆ, ನೆಲದೊಳಗಣ ನದಿತೊರೆಗಳಿಗೆ ಬಿಡುವ ನೀರಿನ ರಾಸಾಯನಿಕ ಆಮ್ಲಜನಕ ಬೇಡಿಕೆಯು, ಪ್ರಯೋಗಶಾಲೆಯ ಆಡುಮಾತಿನಲ್ಲಿ ಸಿ.ಓ.ಡಿ.ಯು, ಸಾಮಾನ್ಯವಾಗಿ ಲೀಟರಿಗೆ 250 ಮಿಲಿಗ್ರಾಂ ಮೀರಕೂಡದು. ನೀರಿನಲ್ಲಿರುವ ಕಲ್ಮಷವನ್ನು ಪೂರ್ಣವಾಗಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕಾದೀತು ಎಂಬುದೇ ಈ ಸಂಖ್ಯೆಯ ಅರ್ಥ. ನದಿ, ಕಾರ್ಖಾನೆ, ನ್ಯಾಯಾಲಯ ಮೂರರ ಮುಂದೆಯೂ ನಿಲ್ಲುವ ಈ ಸಂಖ್ಯೆ ಹುಟ್ಟುವುದು ಎಲ್ಲಿ? ಒಂದು ತ್ರಾಸಿನ ತಟ್ಟೆಯಲ್ಲಿ. ನಿರ್ದಿಷ್ಟ ಮೋಲಾರತೆಯ ದ್ರಾವಣಕ್ಕೆ ಎಷ್ಟು ದ್ರಾವ್ಯವನ್ನು ತೂಗಬೇಕೆಂಬ ಲೆಕ್ಕವೇ ಅದರ ಬುಡ. ಲೆಕ್ಕ ಸರಳವಾದುದು; ಆದರೆ ಅದರ ಪ್ರತಿಯೊಂದು ಪದಕ್ಕೂ ನಿಷ್ಕೃಷ್ಟವಾದ ಅರ್ಥವಿದೆ, ಆ ಅರ್ಥ ತಪ್ಪಿದಲ್ಲಿ ಸಂಖ್ಯೆಯೂ ತಪ್ಪುತ್ತದೆ.

1. ಪದಗಳ ವಿಚಾರ

ಕರಗುವ ವಸ್ತು ದ್ರಾವ್ಯ. ಕರಗಿಸುವ ವಸ್ತು ದ್ರಾವಕ. ಇವೆರಡೂ ಬೆರೆತು ಒಂದಾದದ್ದು ದ್ರಾವಣ. ಒಂದೇ ಧಾತುವಿನಿಂದ ಹೊರಟ ಈ ಮೂರು ಪದಗಳು ಕನ್ನಡದಲ್ಲಿ ನೆಲೆಗೊಂಡಿರುವಂತೆಯೇ ಮರಾಠಿಯಲ್ಲಿಯೂ ನೆಲೆಗೊಂಡಿವೆ. ಹಿಂದಿಯಲ್ಲಾದರೋ ವಿಲೇಯ, ವಿಲಾಯಕ, ವಿಲಯನ ಎಂಬ ಬೇರೆಯ ಪದಗಳು ರೂಢವಾಗಿವೆ. ಆದುದರಿಂದ ಕಲ್ಯಾಣದ ಮರಾಠಿ ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತ ಹುಡುಗನಿಗೂ, ಧಾರವಾಡದಲ್ಲಿ ಕನ್ನಡದಲ್ಲಿ ಕಲಿತ ಹುಡುಗನಿಗೂ ಈ ವಿಷಯದಲ್ಲಿ ದುಭಾಷಿಯ ಅಗತ್ಯವಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡವು ಇಂಥ ಪದಗಳನ್ನು ಕೂಡಿಸಿಕೊಳ್ಳುತ್ತ ಬಂದಿದೆ.

ಮೋಲ್ ಎಂಬ ಪದವನ್ನು ಮಾತ್ರ ಎಲ್ಲ ಭಾಷೆಗಳೂ ಹಾಗೆಯೇ ಉಳಿಸಿಕೊಂಡಿವೆ. ಅದು ಒಂದು ಎಣಿಕೆಯ ಹೆಸರು. ಹನ್ನೆರಡಕ್ಕೆ ಡಜನ್ ಎಂಬಂತೆ, 6.02214076 × 10²³ ಕಣಗಳಿಗೆ ಮೋಲ್ ಎಂದು ಹೆಸರು. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ನೇರವಾಗಿ ಅದರ ಲಕ್ಷಣವೆಂದು ಅಂತರರಾಷ್ಟ್ರೀಯವಾಗಿ ಅಂಗೀಕರಿಸಲಾಗಿದೆ. ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ದ್ರಾವ್ಯವಿದೆಯೋ ಅದೇ ಆ ದ್ರಾವಣದ ಮೋಲಾರತೆ.

ಇಷ್ಟು ದೊಡ್ಡ ಸಂಖ್ಯೆಯನ್ನು ಬೆರಳಿನಿಂದ ಎಣಿಸುವವರಾರು? ಬ್ಯಾಂಕಿನ ಗುಮಾಸ್ತನು ನಾಣ್ಯದ ಮೂಟೆಯನ್ನು ಬಿಚ್ಚಿ ಒಂದೊಂದಾಗಿ ಎಣಿಸದೆ ತೂಗಿ ನೋಡುತ್ತಾನೆ. ಒಂದು ನಾಣ್ಯದ ತೂಕ ತಿಳಿದಿದ್ದರೆ ಮೂಟೆಯ ತೂಕದಿಂದಲೇ ನಾಣ್ಯಗಳ ಸಂಖ್ಯೆ ತಿಳಿಯುತ್ತದೆ. ರಸಾಯನಶಾಸ್ತ್ರಜ್ಞನು ಮಾಡುವುದೂ ಇದನ್ನೇ. ಅವನಿಗೆ ಬೇಕಾದುದು ಎಣಿಕೆ, ಕೈಯಲ್ಲಿರುವುದು ತ್ರಾಸು. ಒಂದು ಮೋಲ್ ವಸ್ತುವಿನ ತೂಕ, ಎಂದರೆ ಮೋಲ್‌ತೂಕ, ಇವೆರಡರ ನಡುವಣ ಸೇತುವೆ. ಭೌತಶಾಸ್ತ್ರವು ಇಲ್ಲಿ ದ್ರವ್ಯರಾಶಿಯೆಂಬ ಪದವನ್ನು ಬಯಸೀತು. ತ್ರಾಸಿನ ಮುಂದೆ ತೂಕವೆನ್ನುವುದೇ ವಾಡಿಕೆ.

2. ಸೂತ್ರ ಮತ್ತು ಅದರ ಪ್ರಯೋಗ

ಮೇಲಿನ ವಿವರಣೆಯಿಂದ ಸೂತ್ರವು ತಾನಾಗಿಯೇ ಹೊರಡುತ್ತದೆ. ಮೋಲಾರತೆಯನ್ನು ಲೀಟರುಗಳಿಂದ ಗುಣಿಸಿದರೆ ಬೇಕಾದ ಮೋಲುಗಳು ದೊರೆಯುತ್ತವೆ. ಮೋಲುಗಳನ್ನು ಮೋಲ್‌ತೂಕದಿಂದ ಗುಣಿಸಿದರೆ ಗ್ರಾಮುಗಳು.

ಬೇಕಾದ ತೂಕ (ಗ್ರಾಂ) = ಮೋಲಾರತೆ × ಗಾತ್ರ (ಲೀಟರ್) × ಮೋಲ್‌ತೂಕ

ಸಿ.ಓ.ಡಿ. ಪರೀಕ್ಷೆಯ ಮುಖ್ಯ ದ್ರಾವಣ ಪೊಟಾಸಿಯಮ್ ಡೈಕ್ರೋಮೇಟಿನದು. ಈ ಕಿತ್ತಳೆಬಣ್ಣದ ಹರಳಿನ ಒಂದು ಘಟಕದಲ್ಲಿ ಎರಡು ಪೊಟಾಸಿಯಮ್, ಎರಡು ಕ್ರೋಮಿಯಮ್, ಏಳು ಆಮ್ಲಜನಕದ ಪರಮಾಣುಗಳಿವೆ. ಅವುಗಳ ಪಾಲು ಕ್ರಮವಾಗಿ 78.20, 103.99 ಮತ್ತು 111.99, ಕೂಡಿದರೆ ಮೋಲ್‌ತೂಕ 294.18 ಗ್ರಾಂ. ಬೇಕಾದ ಮೋಲಾರತೆ 0.04167, ಗಾತ್ರ 1 ಲೀಟರ್. ಗುಣಿಸಿದರೆ 12.259 ಗ್ರಾಂ ಎಂಬ ಉತ್ತರ ಬರುತ್ತದೆ. 250 ಮಿಲಿಲೀಟರ್ ಸಾಕೆಂದಾದರೆ ಗಾತ್ರವನ್ನು 0.250 ಲೀಟರ್ ಎಂದು ಬರೆದುಕೊಳ್ಳತಕ್ಕದ್ದು. ಆಗ ತೂಕ 3.065 ಗ್ರಾಂ. ಮಿಲಿಲೀಟರನ್ನು ಲೀಟರಿಗೆ ಪರಿವರ್ತಿಸದೆ ಗುಣಿಸಿದವನಿಗೆ ಮೂರು ಕಿಲೋಗ್ರಾಮಿಗೂ ಮೀರಿದ ಉತ್ತರ ದೊರೆಯುತ್ತದೆ; ಅಂಥ ತಪ್ಪು ಒಡನೆಯೇ ಗೋಚರವಾಗುವುದರಿಂದ ಅಪಾಯಕಾರಿಯಲ್ಲ. ಅಪಾಯವಿರುವುದು ಗೋಚರವಾಗದ ತಪ್ಪುಗಳಲ್ಲಿ.

0.04167 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವುದು ಸಹಜ. ಪ್ರಯೋಗಶಾಲೆಗಳ ಹಳೆಯ ದಫ್ತರಗಳಲ್ಲಿ ಇದೇ ದ್ರಾವಣಕ್ಕೆ 0.25 ನಾರ್ಮಲ್ ಎಂಬ ಹೆಸರಿರುವುದು ಕಾಣುತ್ತದೆ. ಉತ್ಕರ್ಷಣದಲ್ಲಿ ಒಂದು ಡೈಕ್ರೋಮೇಟ್ ಘಟಕವು ಆರು ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ. ನಾರ್ಮಲತೆಯು ಎಲೆಕ್ಟ್ರಾನುಗಳ ಎಣಿಕೆ. ಮೋಲಾರತೆಯು ಘಟಕಗಳ ಎಣಿಕೆ. ಆದುದರಿಂದ 0.25ನ್ನು ಆರರಿಂದ ಭಾಗಿಸಿದರೆ 0.04167. ಹಳೆಯ ದಫ್ತರದ 0.25ನ್ನು ಮೋಲಾರತೆಯೆಂದು ಭ್ರಮಿಸಿ ತೂಗಿದವನು 12.259 ಗ್ರಾಮಿನ ಬದಲು 73.5 ಗ್ರಾಂ ಹಾಕುತ್ತಾನೆ.

3. ಒಂದು ಲೀಟರ್ ಯಾವುದರದು?

ಸೂತ್ರದಲ್ಲಿರುವ ಗಾತ್ರವು ದ್ರಾವಣದ ಗಾತ್ರ; ಹಾಕಿದ ನೀರಿನ ಗಾತ್ರವಲ್ಲ. ಒಂದು ಲೀಟರ್ ನೀರನ್ನು ಅಳೆದು ಅದಕ್ಕೆ ಉಪ್ಪನ್ನು ಸುರಿದರೆ ಒಟ್ಟು ಗಾತ್ರವು ಸಾಮಾನ್ಯವಾಗಿ ಒಂದು ಲೀಟರನ್ನು ಮೀರುತ್ತದೆ, ಮೋಲಾರತೆ ಕುಗ್ಗುತ್ತದೆ. ಆದುದರಿಂದಲೇ ನೀಳಕತ್ತಿನ, ಒಂದೇ ಗೆರೆಯ ಅಳತೆಯ ಕೂಜೆಯನ್ನು ಬಳಸುವುದು. ತೂಗಿದ ದ್ರಾವ್ಯವನ್ನು ಮೊದಲು ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿಸಿ, ಕೂಜೆಗೆ ಸುರಿದು, ಕರಗಿಸಿದ ಪಾತ್ರೆಯನ್ನು ಎರಡು ಮೂರು ಸಾರಿ ತೊಳೆದು ಆ ನೀರನ್ನೂ ಕೂಜೆಗೇ ಸೇರಿಸಿ, ಕೊನೆಗೆ ನೀರಿನ ಮೇಲ್ಮೈಯ ತಗ್ಗು ಗೆರೆಯನ್ನು ಮುಟ್ಟುವವರೆಗೆ ಹನಿಹನಿಯಾಗಿ ತುಂಬಬೇಕು. ಅನಂತರ ಬಿರಡೆ ಹಾಕಿ ಹಲವು ಸಾರಿ ತಲೆಕೆಳಗು ಮಾಡದಿದ್ದರೆ ಕೂಜೆಯ ತಳದ ದ್ರಾವಣ ಗಟ್ಟಿಯಾಗಿಯೂ ಕತ್ತಿನ ದ್ರಾವಣ ತೆಳುವಾಗಿಯೂ ಉಳಿಯುತ್ತದೆ.

ಬಿಸಿಯಾದ ದ್ರಾವಣವನ್ನು ತಣಿಯಲು ಬಿಡದೆ ಗೆರೆಗೆ ತುಂಬುವುದೂ ತಪ್ಪು. ತಣಿದಾಗ ಅದು ಗೆರೆಯಿಂದ ಕೆಳಗಿಳಿಯುತ್ತದೆ. ಕೂಜೆಯ ಮೇಲೆ ಅದು ಯಾವ ಉಷ್ಣತೆಗೆ ಸಲ್ಲುತ್ತದೆಂಬುದನ್ನು ಕೊರೆದಿರುತ್ತಾರೆ. 20 ಅಥವಾ 27 ಡಿಗ್ರಿ ಸೆಲ್ಸಿಯಸ್ ಎಂಬ ಗುರುತು ಸಾಮಾನ್ಯ. 27 ಡಿಗ್ರಿಯಿಂದ 35 ಡಿಗ್ರಿಗೆ ಏರಿದಾಗ ನೀರು ಶೇಕಡಾ 0.25ರಷ್ಟು ಹಿಗ್ಗುತ್ತದೆ. ಥಾಣೆಯ ಮೇ ತಿಂಗಳನ್ನು ಬಲ್ಲವರಿಗೆ ಈ ಎಂಟು ಡಿಗ್ರಿಯ ಅಂತರ ಅಪರೂಪದ್ದಲ್ಲ.

ಉದ್ಯಮದಲ್ಲಿ ಪ್ರಬಲತೆಯನ್ನು ಶತಾಂಶದಲ್ಲಿ ಹೇಳುವ ವಾಡಿಕೆಯಿರುವುದರಿಂದ ಮತ್ತೊಂದು ಗೊಂದಲ ಹುಟ್ಟುತ್ತದೆ. ಕಲ್ಯಾಣದ ನೆರೆಯ ಶಹಾಡ್ ಮತ್ತು ಮೋಹನೆ ರೇಯಾನ್ ಕಾರ್ಖಾನೆಗಳಿಂದ ಹೆಸರಾದ ಊರುಗಳು. ರೇಯಾನ್ ತಯಾರಿಕೆಯಲ್ಲಿ ಮರದ ತಿರುಳನ್ನು ಸುಮಾರು 18 ಶತಾಂಶದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುತ್ತಾರೆ. ಎಂದರೆ ನೂರು ಗ್ರಾಂ ದ್ರಾವಣದಲ್ಲಿ 18 ಗ್ರಾಂ ಸೋಡಾ. ಇದನ್ನು ಲೀಟರಿಗೆ 180 ಗ್ರಾಂ ಎಂದು ತಿಳಿಯುವುದು ಸರಿಯಲ್ಲ. ಈ ದ್ರಾವಣದ ಒಂದು ಲೀಟರ್ ಸುಮಾರು 1197 ಗ್ರಾಂ ತೂಗುವುದರಿಂದ ಅದರಲ್ಲಿರುವ ಸೋಡಾ ಸುಮಾರು 215 ಗ್ರಾಂ, 40.00 ಎಂಬ ಮೋಲ್‌ತೂಕದಿಂದ ಭಾಗಿಸಿದರೆ ಮೋಲಾರತೆ 5.4. ತೂಕದ ಶತಾಂಶಕ್ಕೂ ಮೋಲಾರತೆಗೂ ನಡುವೆ ಸಾಂದ್ರತೆಯನ್ನು ತಾರದೆ ದಾಟುವ ದಾರಿಯಿಲ್ಲ.

4. ಶೀಸೆಯ ಚೀಟಿ

ಸೂತ್ರವು ಶುದ್ಧವಸ್ತುವಿನ ಮಾತನ್ನಾಡುತ್ತದೆ. ಶೀಸೆಯಲ್ಲಿರುವ ವಸ್ತು ಯಾವುದೆಂಬುದನ್ನು ಚೀಟಿಯು ಹೇಳುತ್ತದೆ. ಚೀಟಿಯನ್ನು ಓದದೆ ಪುಸ್ತಕದ ಮೋಲ್‌ತೂಕವನ್ನು ಎತ್ತಿಕೊಳ್ಳುವುದು ಈ ಲೆಕ್ಕದ ಅತ್ಯಂತ ಸಾಮಾನ್ಯ ದೋಷಗಳಲ್ಲಿ ಒಂದು.

ಮೊದಲನೆಯದಾಗಿ ಹರಳಿನೊಳಗಣ ನೀರು. ಡೈಕ್ರೋಮೇಟಿನೊಡನೆ ಬಳಸುವ ಎರಡನೆಯ ದ್ರಾವಣ ಫೆರಸ್ ಅಮೋನಿಯಮ್ ಸಲ್ಫೇಟಿನದು. ಜರ್ಮನ್ ರಸಾಯನಶಾಸ್ತ್ರಜ್ಞ ಕಾರ್ಲ್ ಫ್ರೀಡ್ರಿಕ್ ಮೋರನ (1806-1879) ಹೆಸರಿನಿಂದ ಇದನ್ನು ಮೋರ್ ಲವಣವೆನ್ನುತ್ತಾರೆ. ನಸುಹಸಿರಿನ ಈ ಹರಳು ನೋಟಕ್ಕೂ ಮುಟ್ಟಿದಾಗಲೂ ಒಣಗಿದಂತೆಯೇ ಇರುತ್ತದೆ. ಆದರೆ ಅದರ ಪ್ರತಿ ಘಟಕದೊಳಗೆ ಆರು ನೀರಿನ ಅಣುಗಳು ಸೇರಿಕೊಂಡಿವೆ. ಅವನ್ನು ಸೇರಿಸಿದರೆ ಮೋಲ್‌ತೂಕ 392.14; ಬಿಟ್ಟರೆ 284.05. ಹರಳಿನ ತೂಕದಲ್ಲಿ ನಾಲ್ಕನೆಯ ಒಂದು ಪಾಲಿಗೂ ಮೀರಿ ನೀರೇ ಇದೆಯೆಂದಾಯಿತು. 0.25 ಮೋಲಾರತೆಯ ಒಂದು ಲೀಟರಿಗೆ 98.0 ಗ್ರಾಂ ಹರಳು ಬೇಕು. ನೀರನ್ನು ಮರೆತು 71.0 ಗ್ರಾಂ ಹಾಕಿದರೆ ದೊರೆಯುವ ದ್ರಾವಣ 0.25ರದಲ್ಲ, 0.18ರದು.

ಎರಡನೆಯದು ಶುದ್ಧಿ. ಚೀಟಿಯಲ್ಲಿ ಕಾಸ್ಟಿಕ್ ಸೋಡಾ ಶೇಕಡಾ 97 ಎಂದಿದ್ದರೆ, 40.0 ಗ್ರಾಂ ಶುದ್ಧ ಸೋಡಾಕ್ಕಾಗಿ 40.0ನ್ನು 0.97ರಿಂದ ಭಾಗಿಸಿ 41.2 ಗ್ರಾಂ ತೂಗಬೇಕು. ಗುಣಿಸಬೇಕೋ ಭಾಗಿಸಬೇಕೋ ಎಂಬ ಸಂದೇಹ ಬಂದಾಗ, ಶುದ್ಧಿ ಕಡಿಮೆಯಾದಷ್ಟೂ ಹೆಚ್ಚು ತೂಗಬೇಕಾಗುತ್ತದೆ ಎಂಬುದನ್ನು ನೆನೆದರೆ ಸಾಕು. ಆದರೆ ಸೋಡಾದ ವಿಷಯದಲ್ಲಿ ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ. ಕೊಂಕಣದ ಮಳೆಗಾಲದಲ್ಲಿ ಶೀಸೆಯ ಬಾಯಿ ತೆರೆದ ಕೆಲವೇ ನಿಮಿಷಗಳಲ್ಲಿ ಅದರ ಗುಳಿಗೆಗಳು ಗಾಳಿಯ ತೇವವನ್ನು ಹೀರಿ ಜಿನುಗತೊಡಗುತ್ತವೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತವೆ. ಇಂಥ ವಸ್ತುವನ್ನು ಅಂದಾಜಿಗೆ ತೂಗಿ, ದ್ರಾವಣ ಮಾಡಿ, ಆ ಬಳಿಕ ನಂಬಿಕೆಗೆ ಅರ್ಹವಾದ ಇನ್ನೊಂದು ದ್ರಾವಣದ ಎದುರು ಅನುಮಾಪನ ಮಾಡಿ ಅದರ ನಿಜವಾದ ಮೋಲಾರತೆಯನ್ನು ತಿಳಿಯುವುದೇ ಕ್ರಮ. ಡೈಕ್ರೋಮೇಟ್ ಹಾಗಲ್ಲ. ಅದನ್ನು ಬಹು ಶುದ್ಧವಾಗಿ ಪಡೆಯಬಹುದು; ಒಲೆಯಲ್ಲಿ ಒಣಗಿಸಿ, ತೇವವಿಲ್ಲದ ಮುಚ್ಚಿದ ಪಾತ್ರೆಯಲ್ಲಿ ತಣಿಸಿ ತೂಗಿದರೆ ತ್ರಾಸು ಹೇಳಿದ ಮಾತು ನಿಲ್ಲುತ್ತದೆ. ಇಂಥ ವಸ್ತುಗಳನ್ನು ಮೂಲಪ್ರಮಾಣಗಳೆನ್ನಬಹುದು.

ಮೂರನೆಯದು ದ್ರವರೂಪದ ದ್ರಾವ್ಯ. ಗಂಧಕಾಮ್ಲದ 0.1 ಮೋಲಾರತೆಯ ಒಂದು ಲೀಟರಿಗೆ 9.81 ಗ್ರಾಂ ಶುದ್ಧಾಮ್ಲ ಬೇಕು. ಶೀಸೆಯ ಆಮ್ಲವು ಶೇಕಡಾ 98ರದಾದರೆ ತೂಕ 10.0 ಗ್ರಾಂ, ಅದರ ಸಾಂದ್ರತೆ 1.84 ಆಗಿರುವುದರಿಂದ ಗಾತ್ರ 5.44 ಮಿಲಿಲೀಟರ್. ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಕೂಡದು.

5. ಆರು ಡೆಸಿಗ್ರಾಮಿನ ಪರಿಣಾಮ

ಈಗ ಈ ಲೆಕ್ಕವು ನದಿಯನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ನೋಡಬಹುದು. ಪರೀಕ್ಷೆಯ ಕ್ರಮ ಸ್ಥೂಲವಾಗಿ ಹೀಗಿದೆ. 50 ಮಿಲಿಲೀಟರ್ ಕೊಳೆನೀರಿಗೆ ಗಂಧಕಾಮ್ಲವನ್ನೂ 25 ಮಿಲಿಲೀಟರ್ ಡೈಕ್ರೋಮೇಟ್ ದ್ರಾವಣವನ್ನೂ ಸೇರಿಸಿ ಎರಡು ಗಂಟೆ ಕುದಿಸುತ್ತಾರೆ. ಕಲ್ಮಷವು ಡೈಕ್ರೋಮೇಟಿನ ಒಂದು ಭಾಗವನ್ನು ವ್ಯಯಮಾಡುತ್ತದೆ. ಉಳಿದುದನ್ನು ಮೋರ್ ಲವಣದ ದ್ರಾವಣದಿಂದ ಅಳೆಯುತ್ತಾರೆ. ಶುದ್ಧವಾದ ನೀರಿಗೂ ಇದೇ ಉಪಚಾರ ಮಾಡಿ, ಎರಡಕ್ಕೂ ಹಿಡಿದ ಲವಣದ್ರಾವಣದ ವ್ಯತ್ಯಾಸವನ್ನು ಕಂಡುಕೊಳ್ಳುತ್ತಾರೆ. ಆ ವ್ಯತ್ಯಾಸವನ್ನು ಲವಣದ್ರಾವಣದ ಮೋಲಾರತೆಯಿಂದಲೂ 8000ದಿಂದಲೂ ಗುಣಿಸಿ, ಕೊಳೆನೀರಿನ ಮಿಲಿಲೀಟರುಗಳಿಂದ ಭಾಗಿಸಿದರೆ ಸಿ.ಓ.ಡಿ. ದೊರೆಯುತ್ತದೆ. ಒಂದು ಮೋಲ್ ಎಲೆಕ್ಟ್ರಾನುಗಳಿಗೆ 8 ಗ್ರಾಂ, ಎಂದರೆ 8000 ಮಿಲಿಗ್ರಾಂ ಆಮ್ಲಜನಕ ಸಮವಾದುದರಿಂದ ಆ ಸಂಖ್ಯೆ ಬಂದಿದೆ.

ಎಲ್ಲವೂ ಸರಿಯಾಗಿರುವ ಒಂದು ಉದಾಹರಣೆಯನ್ನು ಕಲ್ಪಿಸೋಣ. ಶುದ್ಧ ನೀರಿಗೆ 25.00, ಕೊಳೆನೀರಿಗೆ 18.50 ಮಿಲಿಲೀಟರ್ ಲವಣದ್ರಾವಣ ಹಿಡಿಯಿತು. ವ್ಯತ್ಯಾಸ 6.50, ಮೋಲಾರತೆ 0.25. ಲೆಕ್ಕದಂತೆ ಸಿ.ಓ.ಡಿ. 260. ನೀರು ಮಿತಿಯನ್ನು ಮೀರಿದೆ. ಅದನ್ನು ಹೊರಗೆ ಬಿಡುವಂತಿಲ್ಲ.

ಇನ್ನು ಅದೇ ನೀರು, ಅದೇ ಲವಣದ್ರಾವಣ. ಆದರೆ ಡೈಕ್ರೋಮೇಟನ್ನು ತೂಗುವಾಗ 12.259ರ ಬದಲು 12.87 ಗ್ರಾಂ ಬಿದ್ದಿತು, ದಫ್ತರದಲ್ಲಿ ಮಾತ್ರ 12.259 ಎಂದೇ ಬರೆದಾಯಿತು ಎನ್ನೋಣ. ಹೆಚ್ಚಾದುದು ಆರು ಡೆಸಿಗ್ರಾಂ, ಶೇಕಡಾ 5. ತೂಕ ಸರಿಯಾಗಿದ್ದು ದ್ರಾವಣವನ್ನು ಲೀಟರಿನ ಬದಲು 952 ಮಿಲಿಲೀಟರಿಗೇ ನಿಲ್ಲಿಸಿದರೂ ಇದೇ ಫಲ. ಆಗ ಲವಣದ್ರಾವಣವು ಶುದ್ಧ ನೀರಿಗೆ 26.25, ಕೊಳೆನೀರಿಗೆ 19.75 ಮಿಲಿಲೀಟರ್ ಹಿಡಿಯುತ್ತದೆ. ವ್ಯತ್ಯಾಸ ಮೊದಲಿನಂತೆಯೇ 6.50, ಆದುದರಿಂದ ದೋಷವು ಇಲ್ಲಿ ತಲೆಯೆತ್ತುವುದಿಲ್ಲ. ಆದರೆ ಗಾಳಿಯಲ್ಲಿ ಕೆಡುವ ಗುಣವುಳ್ಳ ಲವಣದ್ರಾವಣದ ಮೋಲಾರತೆಯನ್ನು ದಿನದಿನವೂ ನಿರ್ಣಯಿಸುವುದು ಇದೇ ಡೈಕ್ರೋಮೇಟಿನ ಆಧಾರದ ಮೇಲೆ. 25 ಮಿಲಿಲೀಟರ್ ಡೈಕ್ರೋಮೇಟಿಗೆ 26.25 ಮಿಲಿಲೀಟರ್ ಲವಣದ್ರಾವಣ ಹಿಡಿಯಿತೆಂದು ಕಂಡವನು ಲವಣವೇ ತೆಳುವಾಗಿದೆಯೆಂದು ಬಗೆದು, 0.25ರ ಬದಲು 0.238 ಎಂದು ಬರೆದುಕೊಳ್ಳುತ್ತಾನೆ. ಸಿ.ಓ.ಡಿ. 260 ಹೋಗಿ 248 ಆಗುತ್ತದೆ.

ನೀರು ಬದಲಾಗಲಿಲ್ಲ, ಅದರಲ್ಲಿದ್ದ ಕಲ್ಮಷ ಒಂದು ಕಣದಷ್ಟೂ ಇಳಿಯಲಿಲ್ಲ. ಕಾಗದದ ಮೇಲೆ ಮಾತ್ರ ಅದು ಮಿತಿಯ ಈಚೆಗೆ ಬಂದಿತು. ಲವಣವನ್ನು ತೂಗುವಾಗ ಆದ ತಪ್ಪನ್ನು ಡೈಕ್ರೋಮೇಟ್ ತಿದ್ದುತ್ತದೆ. ಡೈಕ್ರೋಮೇಟಿನ ತಪ್ಪನ್ನು ತಿದ್ದುವುದು ಈ ಸಾಲಿನಲ್ಲಿ ಯಾವುದೂ ಇಲ್ಲ. ಮೂಲಪ್ರಮಾಣದ ತೂಕಕ್ಕೆ ಇಷ್ಟು ಮಹತ್ವ ಬಂದಿರುವುದು ಆ ಕಾರಣದಿಂದ. ಇದಕ್ಕೆ ವಿರುದ್ಧವಾಗಿ, ತೇವವಾದ ಡೈಕ್ರೋಮೇಟನ್ನು ಒಣಗಿಸದೆ ತೂಗಿದರೆ ನಿಜವಾದ ಪ್ರಮಾಣ ಕಡಿಮೆಯಾಗಿ, ಮಿತಿಯೊಳಗಿನ ನೀರು ಮಿತಿಮೀರಿದಂತೆ ಕಾಣುತ್ತದೆ. ಆಗ ನಿರಪರಾಧಿಯ ಮೇಲೆ ಆರೋಪ ಬರುತ್ತದೆ. ಉಲ್ಹಾಸ್ ಮತ್ತು ಅದನ್ನು ಸೇರುವ ವಾಲಧುನಿ ತೊರೆಗಳ ಮಾಲಿನ್ಯದ ವಿಚಾರವು 'ವನಶಕ್ತಿ' ಸಂಸ್ಥೆಯ ಅರ್ಜಿಯ ಮೂಲಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆಯ ಪೀಠದ ಮುಂದೆ ಬಂದು, 2015ರಲ್ಲಿ ಅದರ ಮೇಲೆ ಆದೇಶವಾಯಿತು. ಇಂಥ ವ್ಯಾಜ್ಯಗಳಲ್ಲಿ ಎರಡು ಪಕ್ಷಗಳೂ ಮುಂದಿಡುವ ಪುರಾವೆ ಪ್ರಯೋಗಶಾಲೆಯ ಸಂಖ್ಯೆಗಳೇ.

6. ಸಾಕ್ಷಿಯ ಪರೀಕ್ಷೆ

ಹಾಗಾದರೆ ಡೈಕ್ರೋಮೇಟಿನ ತಪ್ಪನ್ನು ಹಿಡಿಯುವ ದಾರಿ ಯಾವುದು? ಸಾಲಿನ ಹೊರಗಿನಿಂದ ಒಬ್ಬ ಸಾಕ್ಷಿಯನ್ನು ಕರೆಯಬೇಕು. ಪೊಟಾಸಿಯಮ್ ಹೈಡ್ರೋಜನ್ ಥಾಲೇಟ್ ಎಂಬ ಬಿಳಿಯ ಹರಳು ಅಂಥ ಸಾಕ್ಷಿ. ಅದರ ಒಂದು ಮಿಲಿಗ್ರಾಂ ಪೂರ್ಣವಾಗಿ ಉತ್ಕರ್ಷಿತವಾಗಲು 1.176 ಮಿಲಿಗ್ರಾಂ ಆಮ್ಲಜನಕ ಬೇಕು. ಒಣಗಿಸಿದ ಹರಳನ್ನು 425 ಮಿಲಿಗ್ರಾಂ ತೂಗಿ, ಕರಗಿಸಿ, ಒಂದು ಲೀಟರಿನ ಗೆರೆಗೆ ತುಂಬಿದರೆ ಸಿ.ಓ.ಡಿ. 500 ಇರುವ ನೀರು ಸಿದ್ಧವಾಗುತ್ತದೆ. ಇದನ್ನು ಕೊಳೆನೀರಿನಂತೆಯೇ ಪರೀಕ್ಷಿಸಬೇಕು. ಮೇಲೆ ಹೇಳಿದ ದೋಷವುಳ್ಳ ಡೈಕ್ರೋಮೇಟ್ ಇದಕ್ಕೆ 500ರ ಬದಲು 476 ಎಂಬ ಉತ್ತರವನ್ನು ಕೊಡುತ್ತದೆ, ಗುಟ್ಟು ಬಯಲಾಗುತ್ತದೆ. ಈ ಸಾಕ್ಷಿಯನ್ನು ತೂಗುವವನು ಬೇರೆಯವನಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದೇ ಕೈಯ ಒಂದೇ ಅಭ್ಯಾಸದೋಷ ಎರಡು ಕಡೆಯೂ ನುಸುಳುವ ಸಂಭವ ತಪ್ಪುತ್ತದೆ.

ತೂಗಿದ್ದನ್ನು ತೂಗಿದ ಹಾಗೆಯೇ ಬರೆಯುವ ವಾಡಿಕೆಯೂ ಇದರ ಜೊತೆಗೆ ಬೇಕು. ತ್ರಾಸು 12.31 ಗ್ರಾಂ ಎಂದು ತೋರಿಸಿದರೆ ಅದನ್ನು 12.259ಕ್ಕೆ ಇಳಿಸಲು ಹರಳುಗಳನ್ನು ಹೆಕ್ಕುತ್ತ ಕೂಡಬೇಕಾಗಿಲ್ಲ, 12.31ನ್ನೇ ಬರೆದು, 294.18ರಿಂದ ಭಾಗಿಸಿ, ಮೋಲಾರತೆ 0.04185 ಎಂದು ಚೀಟಿ ಅಂಟಿಸಿದರೆ ದ್ರಾವಣವು ಯಾವ ದೋಷವೂ ಇಲ್ಲದ್ದಾಗುತ್ತದೆ. ಪುಸ್ತಕದ ಸಂಖ್ಯೆಗೆ ಸಮನಾಗಿರುವುದು ದ್ರಾವಣದ ಧರ್ಮವಲ್ಲ. ತನ್ನ ಚೀಟಿಯ ಸಂಖ್ಯೆಗೆ ಸಮನಾಗಿರುವುದು ಅದರ ಧರ್ಮ. ಪರೀಕ್ಷೆ ಮುಗಿದ ಮೇಲೆ ಉಳಿಯುವ ದ್ರವದಲ್ಲಿ ವಿಷಕಾರಿಯಾದ ಕ್ರೋಮಿಯಮ್ ಇರುತ್ತದೆ, ನೀರಿನಲ್ಲಿ ಕ್ಲೋರೈಡು ಇದ್ದಾಗ ಸೇರಿಸುವ ಪಾದರಸದ ಲವಣವೂ ಇರುತ್ತದೆ. ಅದನ್ನು ಮೋರಿಗೆ ಸುರಿಯದೆ ಬೇರೆಯಾಗಿ ಕೂಡಿಡತಕ್ಕದ್ದು. ನದಿಯನ್ನು ಕಾಯಲೆಂದು ಮಾಡಿದ ಪರೀಕ್ಷೆಯ ಶೇಷವು ಅದೇ ನದಿಯನ್ನು ಸೇರುವಂತಾಗಬಾರದು.